ಉಪ್ಪು ಬೆವರಿದ ದಿನ ಭರಣಿ ತೆರೆಯಬೇಡಿ

ಸಂಪಾಜೆ,
೧೯ ನವೆಂಬರ್ ೧೯೩೨, ಶನಿವಾರ

ಕುಶಾಲಪ್ಪನವರಿಗೆ ದಮಯಂತಿಯ ನಮಸ್ಕಾರಗಳು.

ಹೆಂಡತಿಯಾದವಳು ಗಂಡನ ಹೆಸರು ಬರೆದರೆ ಅವನ ಆಯುಸ್ಸು ಕುಂದುತ್ತದೆ ಎಂದು ಅತ್ತೆ ಹೇಳುತ್ತಾರೆ. ನಾನು ಓದಿದ ಯಾವ ಕರಪತ್ರದಲ್ಲೂ ಅದಕ್ಕೆ ಆಧಾರ ಸಿಗಲಿಲ್ಲ. ಆದ್ದರಿಂದ ಬರೆದಿದ್ದೇನೆ.

ಸೋಮವಾರದ ಬಸ್ಸಿಗೆ ಮಡಿಕೇರಿಗೆ ಬಂದು, ನೀವು ಗುಮಾಸ್ತರಾಗಿರುವ ಅಬಕಾರಿ ಕಚೇರಿಯಲ್ಲೇ, ನಿಮ್ಮ ಕಡತಗಳು ಗಾಂಜಾ ಎನ್ನುವ ಬಂಗಿ ಗಿಡವನ್ನು ಪರವಾನಗಿಯಿಲ್ಲದೆ ಬೆಳೆದವಳು ನಾನು ಎಂದು ಒಪ್ಪಿಕೊಳ್ಳುತ್ತೇನೆ. ಕೊಟ್ಟಿಗೆಯ ಹಿಂದೆ ಉಳಿದಿರುವ ಗಿಡಗಳನ್ನು ಬೇರುಸಹಿತ ಕಿತ್ತು ತರುತ್ತೇನೆ. ನನ್ನನ್ನು ಕಂಡು ನೀವು ಗಾಬರಿಯಾಗಬಾರದೆಂದು ಈ ಪತ್ರವನ್ನು ಬೊಳ್ಳಪ್ಪ ಮಾವನ ಕೈಯಲ್ಲಿ ಮೊದಲೇ ಕಳಿಸುತ್ತಿದ್ದೇನೆ.

ನಗಬೇಡಿ. ಸರಕಾರಿ ಪರವಾನಗಿಯ ಗಾಂಜಾ ಅಂಗಡಿಯ ಮುಂದೆ ಧರಣಿ ಕೂತವಳು ನಾನೇ. "ನನ್ನ ಸಂಬಳದ ಅನ್ನ ಉಂಡು ನನ್ನ ಕಚೇರಿಯ ಅಂಗಡಿಗೆ ಅಡ್ಡ ಕೂರ್ತೀಯಾ?" ಎಂದು ನೀವು ಕೇಳಿದ ದಿನವೇ ಮಡಿಕೇರಿ ಬಿಟ್ಟು ಇಲ್ಲಿ ನಿಮ್ಮ ಅವ್ವನ ಬಳಿಗೆ ಬಂದವಳೂ ನಾನೇ. ಅಂಗಡಿಯ ವಿಷಯದಲ್ಲಿ ನನ್ನ ಮಾತು ಇಂದಿಗೂ ಬದಲಾಗಿಲ್ಲ. ದುಡಿದವನ ಸಂಜೆಯನ್ನು ಕಸಿದುಕೊಳ್ಳುವ ನಶೆ ಬೇರೆ, ಅತ್ತೆಯ ಹೊಟ್ಟೆಯ ಗಡ್ಡೆ ಬೇರೆ. ಆಸ್ಪತ್ರೆಯ ಡಾಕ್ಟರರು ಕೈಚೆಲ್ಲಿದ್ದು ನಿಮಗೂ ತಿಳಿದಿದೆ. ಆ ನೋವು ಮಾತ್ರ ನಿಮಗೆ ತಿಳಿದಿಲ್ಲ. ಅವರು ಸೆರಗನ್ನು ಬಾಯಿಗೆ ತುರುಕಿಕೊಂಡು ಮಲಗುವುದನ್ನು ನೀವು ನೋಡಿಲ್ಲ.

ಬಂಗಿ ಕೇಳಿದವರು ಅವರೇ. ತಮ್ಮ ಅಜ್ಜಿಗೂ ಕೊನೆಗಾಲದಲ್ಲಿ ಬೆಲ್ಲದೊಂದಿಗೆ ಅದನ್ನೇ ಕೊಟ್ಟಿದ್ದರಂತೆ. ಅಂಗಡಿಯಿಂದ ತರಿಸಬಹುದಿತ್ತಲ್ಲ ಎನ್ನುತ್ತೀರಿ. ಆ ತೆರಿಗೆ ಯಾರ ಬೊಕ್ಕಸಕ್ಕೆ ಹೋಗುತ್ತದೆಂದು ಗೊತ್ತಿದ್ದೂ ಹೇಗೆ ತರಿಸಲಿ? ಇದು ತತ್ತ್ವದ ಮಾತು. ಅಂಗಡಿಯ ಸಾಂತಪ್ಪನ ಮುಂದೆ ಕೈ ಚಾಚಲಾರೆ ಎಂಬ ಹಟವೂ ಇದರಲ್ಲಿ ಸೇರಿದೆ. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಬೇಡಿ.

ಬೆಳೆಯುವುದು ಕಷ್ಟವಾಗಲಿಲ್ಲ, ಒಣಗಿಸುವುದೇ ನನ್ನನ್ನು ಸೋಲಿಸಿತು. ಗಾಳಿ ಬೆಳಕಿಗಿಂತ ದೊಡ್ಡ ವೈದ್ಯನಿಲ್ಲ ಎಂದು ಪ್ರಕೃತಿ ಚಿಕಿತ್ಸೆಯ ಕರಪತ್ರವೊಂದರಲ್ಲಿ ಓದಿ, ಮೊದಲು ಕೊಯ್ದದ್ದನ್ನು ಅಂಗಳದ ಬಿಸಿಲಿಗೆ ಹರಡಿದೆ. ಹೊರಗೆ ಸುಟ್ಟು ಪುಡಿಯಾಯಿತು, ಒಳಗೆ ಹಸಿಯಾಗಿಯೇ ಉಳಿಯಿತು. ಎರಡನೆಯ ಸಲ ಈ ಮನೆಯಲ್ಲಿ ಎಲ್ಲರೂ ಎಲ್ಲಕ್ಕೂ ಮಾಡುವುದನ್ನೇ ನಾನೂ ಮಾಡಿದೆ: ಏಲಕ್ಕಿ, ಹಲಸಿನ ಹಪ್ಪಳ, ಬಿತ್ತನೆಯ ಬೀಜ ಇಡುವ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಎಲೆಗೆಲ್ಲ ಹೊಗೆ ಹಿಡಿಯಿತು. ಅತ್ತೆ ಒಂದು ಚಿಟಿಕೆ ಬಾಯಿಗೆ ಹಾಕಿ, "ಇದ್ ಎಂತ ಮದ್ದ್ ಮಗ್ಳೇ, ಒಲೆನೇ ನುಂಗ್ದಂಗೆ ಉಟ್ಟಲ್ಲಾ!" ಎಂದು ನಕ್ಕು, ಕೆಮ್ಮಿ, ಕೆಮ್ಮಿದ್ದಕ್ಕೆ ಗಡ್ಡೆ ನೊಂದು ಅತ್ತರು. ಮೂರನೆಯ ಸಲ ಎಲೆ ಮುಟ್ಟಿದರೆ ಗರಿಗರಿ ಎನ್ನುತ್ತಿತ್ತು. ಒಣಗಿತೆಂದು ನಂಬಿ ಭರಣಿಗೆ ಒತ್ತಿ ತುಂಬಿ ಬಟ್ಟೆ ಬಿಗಿದೆ. ಕಡ್ಡಿಯೊಳಗಿನ ನೀರು ಎಲೆಗೆ ಇಳಿದು ಒಳಗೆಲ್ಲ ಬೂಷ್ಟು ಹಿಡಿಯಿತು. ಅದು ನನ್ನ ಕಣ್ಣಿಗೆ ಬೀಳುವ ಮೊದಲೇ ಅವರು ಬೆಲ್ಲದಲ್ಲಿ ಕಟ್ಟಿದ ಒಂದು ಉಂಡೆ ತಿಂದಿದ್ದರು. ವಾಂತಿ ನಿಲ್ಲಲೇ ಇಲ್ಲ. ನನ್ನ ಕೈಯಿಂದಲೇ ಅವರು ಹೋದರೆಂದು ಕುಳಿತಿದ್ದೆ.

ಈಗಿನ ಭರಣಿ ಸರಿಯಾಗಿದೆ. ಅದನ್ನು ಕಾಯಬೇಕಾದವರು ನೀವು. ಈ ಪತ್ರ ಅದಕ್ಕೇ.

ಭರಣಿ ಕಣಜದ ಕೋಣೆಯಲ್ಲಿದೆ. ಅಲ್ಲಿ ಕತ್ತಲಿದೆ, ಗಾಳಿ ಮೆಲ್ಲಗೆ ಆಡುತ್ತದೆ, ಹೊಗೆ ಬರುವುದಿಲ್ಲ. ಕೊಂಬೆಗಳನ್ನು ತಲೆಕೆಳಗಾಗಿ ಕಟ್ಟಿ ಒಣಗಿಸಿದ್ದು ಅಲ್ಲೇ. ಸಣ್ಣ ಕಡ್ಡಿ ಬಾಗದೆ ಲಟ್ಟೆಂದು ಮುರಿದ ಮೇಲೆಯೇ ತುಂಬಿದೆ, ಅದೂ ಸಡಿಲವಾಗಿ. ಭರಣಿಯ ಪಕ್ಕ ತೆಂಗಿನ ಚಿಪ್ಪಿನಲ್ಲಿ ಹರಳುಪ್ಪು ಇದೆ. ಬೆಳಿಗ್ಗೆ ಎದ್ದು ಮೊದಲು ಅದನ್ನು ಮುಟ್ಟಿ ನೋಡಿ. ಉಪ್ಪು ಒಣಗಿದ್ದರೆ ಮುಚ್ಚಳ ತೆಗೆದು, ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಗಾಳಿಯಾಡಲು ಬಿಡಿ. ಮಂಜಿಗೆ ಉಪ್ಪು ಬೆವರಿದ ದಿನ ತೆರೆಯಲೇಬೇಡಿ. ಆ ದಿನದ ಚಿಟಿಕೆಯನ್ನು ಹಿಂದಿನ ದಿನವೇ ತೆಗೆದಿಟ್ಟಿರಿ. ಭರಣಿಯೊಳಗೂ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು ಇದೆ. ಅದು ಒದ್ದೆಯಾದರೆ ಎಲ್ಲವನ್ನೂ ಹೊರತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಹರಡಿ. ಒಳ್ಳೆಯದಕ್ಕೆ ಹುಲ್ಲಿನ ಘಮವಿರುತ್ತದೆ. ಕೊಳೆತ ಹುಲ್ಲಿನ ವಾಸನೆ ಬಂದರೆ ಯೋಚಿಸದೆ ಸುಟ್ಟುಬಿಡಿ. ಪ್ರಮಾಣ ಅತ್ತೆಗೇ ಗೊತ್ತು. ಅವರು ಕೇಳಿದ್ದಕ್ಕಿಂತ ಹೆಚ್ಚು ಕೊಡಬೇಡಿ.

ನಾನು ಬರಲೇಬೇಕಾಗಿರುವುದು ಸಾಂತಪ್ಪನಿಂದ. ಮೊನ್ನೆ ಈ ಊರಿಗೆ ಬಂದವನು ಕೊಟ್ಟಿಗೆಯ ಹಿಂದೆ ನಿಂತು, "ಎಂತ ದಮಯಂತಕ್ಕಾ, ನನ್ನ ಅಂಗಡಿ ಮುಚ್ಚ್ಸಿ ಹಿತ್ಲಲ್ಲಿ ನಿಮ್ದು ತೆಗೀತೀರಾ?" ಎಂದ. ಒಳಗೆ ಬಂದು ಅತ್ತೆಯ ನರಳಾಟ ಕೇಳಿ ಆಮೇಲೆ ಮಾತಾಡಿ ಎಂದೆ. "ಅದ್ ಕೇಳಕ್ಕೆ ಮಗ ಇದಾನಲ್ಲ, ಮಡಿಕೇರೀಲಿ," ಎಂದು ನಗುತ್ತ ಹೋದವನು ನೇರ ಅರ್ಜಿ ಬರೆದನಂತೆ. ಅದು ನಿಮ್ಮ ಮೇಜಿಗೇ ಬರುತ್ತದೆ. ಮನೆ ನಿಮ್ಮ ಹೆಸರಿನಲ್ಲಿದೆ. ಅಧಿಕಾರಿಗಳು ಇಲ್ಲಿಗೆ ಬಂದು ಶೋಧಿಸಿದರೆ ನಿಮ್ಮ ಕೆಲಸವೂ ಹೋಗುತ್ತದೆ, ಭರಣಿಯೂ ಹೋಗುತ್ತದೆ. ನಾನೇ ಗಿಡ ತಂದು ಒಪ್ಪಿಸಿದರೆ ಮನೆಯವರೆಗೆ ಬರುವ ಅಗತ್ಯ ಅವರಿಗೆ ಇರಲಾರದು. ನನ್ನ ಪರವಾಗಿ ಯಾರ ಬಳಿಯೂ ಮಾತಾಡಬೇಡಿ. ನ್ಯಾಯಾಧೀಶರ ಮುಂದೆ ಹೇಳಬೇಕಾದದ್ದನ್ನೆಲ್ಲ ಸಿದ್ಧಮಾಡಿಕೊಂಡಿದ್ದೇನೆ: ಅಂಗಡಿಯಲ್ಲಿ ಮಾರಿದರೆ ಆದಾಯ, ಹಿತ್ತಿಲಲ್ಲಿ ಮದ್ದಿಗೆ ಬೆಳೆದರೆ ಅಪರಾಧ, ಇಂಥ ಕಾನೂನಿಗೆ ನಾನು ತಪ್ಪುದಂಡ ಕಟ್ಟುವುದಿಲ್ಲ, ಜೈಲಿಗೆ ಹೋಗುತ್ತೇನೆ.

ನಾನಿರುವ ಮನೆಗೆ ಕಾಲಿಡುವುದಿಲ್ಲ ಎಂದು ಬೊಳ್ಳಪ್ಪ ಮಾವನ ಕೈಯಲ್ಲಿ ಹೇಳಿ ಕಳಿಸಿದ್ದಿರಿ. ಸೋಮವಾರದಿಂದ ನಾನು ಇರುವುದಿಲ್ಲ. ಇನ್ನೇನು ಅಡ್ಡಿ? ರಜೆ ಬರೆದುಕೊಟ್ಟು ಅದೇ ದಿನ ಹೊರಡಿ. ನೀವು ಬರುವ ತನಕ ಕೆಲಸದ ಮುತ್ತಿ ಅತ್ತೆಯ ಜೊತೆ ಇರುತ್ತಾಳೆ, ಆದರೆ ಭರಣಿಯನ್ನು ಅವಳ ತಲೆಗೆ ಕಟ್ಟಲಾರೆ. ಸರಕಾರದ ಅನ್ನ ಉಣ್ಣುವವನು ಈ ಕೆಲಸ ಹೇಗೆ ಮಾಡಲಿ ಎಂದು ನೀವು ಕೇಳಬಹುದು. ಮಗನಾಗಿ ಮಾಡಿ.

ಇಂತಿ,
ದಮಯಂತಿ ಕುಶಾಲಪ್ಪ

ಮರೆತ ಮಾತು: ಒಪ್ಪಿಕೊಳ್ಳಲು ಹೋಗುತ್ತಿದ್ದೇನೆಂದು ಅತ್ತೆಗೆ ಹೇಳಿಲ್ಲ. ನಿಮ್ಮನ್ನು ಕರೆತರಲು ಹೋಗುತ್ತಿದ್ದೇನೆ ಎಂದಿದ್ದೇನೆ. ಅವರು ಆಗಲೇ ಮುತ್ತಿಯನ್ನು ಕೂಗಿ ನಿಮ್ಮ ಹಾಸಿಗೆಯನ್ನು ಬಿಸಿಲಿಗೆ ಹಾಕಿಸಿದರು. ನನ್ನದನ್ನೂ ಅದರ ಪಕ್ಕದಲ್ಲೇ ಹಾಕಿಸಿದರು. ನಾನು ಬೇಡವೆನ್ನಲಿಲ್ಲ.