ಟ್ರ್ಯಾಕ್ಟರಿಗೆ ಹಾಕಿದ ಚಪ್ಪರ

ಕೆರಗೋಡು,
೨೨-೧೦-೨೦೨೪, ಮಂಗಳವಾರ

ಪ್ರೀತಿಯ ಮಗಳು ಶ್ವೇತಳಿಗೆ,

ನಿನ್ನ ಅಪ್ಪ ನಿಂಗಯ್ಯ ಬರೆಯುತ್ತಿರುವುದು. ನನ್ನ ಕೈಬರಹ ನೋಡಿ ಗಾಬರಿಯಾಗಬೇಡ ತಾಯಿ, ನನ್ನ ಭುಜದ ನೋವೊಂದು ಬಿಟ್ಟರೆ ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ನೀನು ಹೇಗಿದ್ದೀಯೆ? ಹೊಸೂರಿನಲ್ಲೂ ಹೀಗೇ ಮಳೆ ಹಿಡಿದು ಕೂತಿದೆಯೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಡೀಸೆಲ್ ಕೈಯಲ್ಲೇ ಬನ್ನು ತಿಂದು ಮಲಗುತ್ತೀಯೋ? ನಿನ್ನವ್ವ ವಾರಕ್ಕೆ ಎರಡು ಸಲ ಫೋನಿನಲ್ಲಿ ನಿನ್ನನ್ನು ಎಲ್ಲ ಕೇಳುತ್ತಾಳೆ, ನನಗೆ ಹೇಳುವಾಗ ಮಾತ್ರ ಅರ್ಧ ನುಂಗಿಬಿಡುತ್ತಾಳೆ. ನಾನೇ ಫೋನು ಹಿಡಿದರೆ ನಾಲ್ಕನೇ ಮಾತಿಗೆ ನಮ್ಮಿಬ್ಬರಿಗೂ ಜಗಳ ಹತ್ತಿಕೊಳ್ಳುತ್ತದೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಅವಳು ಒಂದು ಸುದ್ದಿ ಹೇಳಿದಳು. ನಿಮ್ಮ ವರ್ಕ್‌ಶಾಪಿನವರು ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಯ ಹತ್ತಿರಕ್ಕೆ ಗುಡಾರವನ್ನೇ ಒಯ್ಯುತ್ತಾರಂತೆ, ಛತ್ರಿ ಬಿಚ್ಚಿದ ಹಾಗೆ ಬಿಚ್ಚಿ ಲಾರಿಯ ಮೂತಿಯ ಮೇಲೆ ನಿಲ್ಲಿಸುತ್ತಾರಂತೆ, ನೀನು ಅದರೊಳಗೆ ಜೋರು ಮಳೆಯಲ್ಲೂ ಗೇರ್‌ಬಾಕ್ಸ್ ಬಿಚ್ಚುತ್ತೀಯಂತೆ. ಕೇಳಿದಾಗಿನಿಂದ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿದೆ. ಗಾಳಿ ಬೀಸಿದರೆ ಅದರ ಕಾಲು ಮೇಲೇಳುವುದಿಲ್ಲವೇ? ಟಾರು ರಸ್ತೆಗೆ ಗೂಟ ಹೊಡೆಯುವ ಹಾಗಿಲ್ಲ, ಮತ್ತೆ ಏನು ಭಾರ ಕಟ್ಟುತ್ತೀರಿ, ಮರಳಿನ ಚೀಲವೋ, ನೀರಿನ ಕ್ಯಾನೋ? ಎಂಜಿನ್ ಸ್ಟಾರ್ಟ್ ಮಾಡಿ ನೋಡುವಾಗ ಹೊಗೆ ಯಾವ ಕಡೆಯಿಂದ ಆಚೆ ಹೋಗುತ್ತದೆ? ಬಿಚ್ಚಲು ಎಷ್ಟು ಜನ ಬೇಕು? ನಿನ್ನವ್ವನನ್ನು ಕೇಳಿದರೆ, "ನಂಗೇನ್ ಗೊತ್ತು, ಮಗಳನ್ನೇ ಕೇಳು, ಬಾಯಿಲ್ವಾ ನಿಂಗೆ?" ಅಂದಳು. ಬಾಯಿದೆ. ಆ ಬಾಯಿಯಿಂದಲೇ ಕೆಟ್ಟದ್ದು.

ನಿನ್ನನ್ನು ಐಟಿಐಗೆ ಸೇರಿಸಿ ಡೀಸೆಲ್ ಮೆಕ್ಯಾನಿಕ್ ಓದು ಅಂದವನು ನಾನೇ. ಓದಿ ಬಂದು ನಮ್ಮ ರಿಪೇರಿ ಶೆಡ್ಡಿನ ಮುಂದೆ ಟ್ರ್ಯಾಕ್ಟರಿನ ಕೆಳಗೆ ಮಲಗಿದಾಗ, ಬಸ್ಸಿನಲ್ಲಿ ಹೋಗುವವರೆಲ್ಲ ಕತ್ತು ಚಾಚಿ ನೋಡಿದರೆಂದು, "ಎದ್ದೇಳು, ಮಾನ ಕಳೀಬ್ಯಾಡ" ಎಂದು ಬೈದವನೂ ನಾನೇ. ನೀನು ಸ್ಪ್ಯಾನರ್ ಕೆಳಗಿಟ್ಟು, "ಮಾನ ಓಗೋ ಕೆಲ್ಸ ಆದ್ರೆ ನೀನ್ಯಾಕಪ್ಪ ಮೂವತ್ತು ವರ್ಸ ಮಾಡ್ದೆ?" ಅಂದೆ. ನೀನು ಹೊಸೂರಿಗೆ ಹೋಗಿ ಒಂದೂವರೆ ವರ್ಷವಾಯಿತು. ಯಾರು ಕೇಳಿದರೂ ನೀನು ಆಫೀಸಿನಲ್ಲಿ ಬರೆಯುವ ಕೆಲಸದಲ್ಲಿದ್ದೀಯೆಂದೇ ಹೇಳಿಕೊಂಡು ಬಂದಿದ್ದೇನೆ. ಹೇಳಿದಾಗಲೆಲ್ಲ ನಿನ್ನವ್ವ ಎದ್ದು ಒಳಗೆ ಹೋಗುತ್ತಾಳೆ.

ಇರಲಿ, ಸುದ್ದಿಗೆ ಬರುತ್ತೇನೆ. ಹೋದ ಸೋಮವಾರ ಹೊನ್ನಯ್ಯನ ಟ್ರ್ಯಾಕ್ಟರ್ ಬಂತು, ಅದೇ ಕಬ್ಬು ಹೊಡೆಯುವ ಕೆಂಪು ಟ್ರ್ಯಾಕ್ಟರ್. ಕ್ಲಚ್ಚು ಪೂರ್ತಿ ಸುಟ್ಟಿತ್ತು. ಶೆಡ್ಡಿನೊಳಗೆ ಹಿಡಿಸುವುದಿಲ್ಲವಲ್ಲ, ಎಂದಿನಂತೆ ಆಚೆ ಹೊಂಗೆ ಮರದ ಕೆಳಗೆ ನಿಲ್ಲಿಸಿ, ನಡುವೆ ಬಿಚ್ಚಿ ಎರಡು ಹೋಳು ಮಾಡಿದೆ. ಮುಂದಿನ ಹೋಳು ದಿಮ್ಮಿಯ ಮೇಲೆ, ಹಿಂದಿನ ಹೋಳು ಅದರಿಂದ ಮೂರು ಅಡಿ ದೂರ. ಅಷ್ಟರಲ್ಲಿ ಈ ಚಿತ್ತಾ ಮಳೆ ಹಿಡಿಯಿತು ನೋಡು! ಇನ್ನು ಅದನ್ನು ಎಳೆಯುವಂತಿಲ್ಲ, ತಳ್ಳುವಂತಿಲ್ಲ, ಬಿಚ್ಚಿದ ಬಾಯಿಗೆ ನೀರು ಬಿದ್ದರೆ ಒಳಗೆಲ್ಲ ತುಕ್ಕು. ಮರದ ಕೊಂಬೆಗೆ ನೀಲಿ ಟಾರ್ಪಾಲು ಕಟ್ಟಿದೆ. ಅರ್ಧ ಗಂಟೆಯಲ್ಲಿ ಅದು ನೀರು ಕುಡಿದು ಬಸುರಿ ಎಮ್ಮೆಯ ಹೊಟ್ಟೆಯ ಹಾಗೆ ಜೋತುಬಿತ್ತು, ಕೋಲಿನಿಂದ ಎತ್ತಿದರೆ ನಾಲ್ಕು ಬಿಂದಿಗೆ ನೀರು ನನ್ನ ಕತ್ತಿನ ಮೇಲೇ ಸುರಿಯಿತು. ಆಮೇಲೆ ಶಾಮಿಯಾನದ ಅಂಬರೀಶನನ್ನು ಕರೆಸಿದೆ. ಅವನು ಜಾಲರಿಯಿರುವ ಹಳದಿ ಶಾಮಿಯಾನ ತಂದು ಕಟ್ಟಿದ. ಬಟ್ಟೆಯಲ್ಲವೇ, ಸೋರಿತು. ಸಾಲದ್ದಕ್ಕೆ ಗಾಳಿ ಬೀಸಿ ಕಬ್ಬಿಣದ ಪೈಪಿನ ಸಮೇತ ಎತ್ತಿ ಪಕ್ಕದ ಭತ್ತದ ಗದ್ದೆಗೆ ಹಾಕಿತು.

ಆಗ ಹೊಳೆಯಿತು, ಮದುವೆಗೆ ಹಾಕುವ ಚಪ್ಪರ ಎಂಥ ಗಾಳಿಗೂ ಹಾರುವುದಿಲ್ಲವಲ್ಲ, ಯಾಕೆ? ಅಂಬರೀಶನನ್ನೇ ಕೇಳಿದೆ. "ಗರಿ ಸಂದೀಲಿ ಗಾಳಿ ತೂರ್ಕಂಡ್ ಓಯ್ತದೆ ಕಣಣ್ಣ, ಟಾರ್ಪಾಲಾದ್ರೆ ತಡ್ಕತದೆ" ಅಂದ. ಇಷ್ಟು ವರ್ಷ ಎಷ್ಟು ಚಪ್ಪರದ ಕೆಳಗೆ ಉಂಡಿದ್ದೇನೆ, ಒಂದು ಸಲವೂ ತಲೆಯೆತ್ತಿ ಯೋಚಿಸಿರಲಿಲ್ಲ. ಬಿದಿರು ನೆಟ್ಟು, ರಸ್ತೆ ಕಡೆ ಹನ್ನೊಂದು ಅಡಿ, ಹಿಂದೆ ಎಂಟು ಅಡಿ, ನೀರು ಜಾರಿ ಹಿಂದಕ್ಕೆ ಹೋಗುವ ಹಾಗೆ ಇಳಿಜಾರು ಕೊಟ್ಟೆವು. ಹೆಣೆದ ತೆಂಗಿನ ಗರಿಯನ್ನು ಒಂದರ ಮೇಲೊಂದು ಒತ್ತಾಗಿ ಹೊದಿಸಿದೆವು. ಮಳೆ ಹೊಡೆಯುವ ಕಡೆ ಗರಿಯ ತಡಿಕೆ, ಉಳಿದ ಕಡೆ ಖಾಲಿ. ಸುತ್ತ ಒಂದು ಗೇಣು ಕಾಲುವೆ ತೆಗೆದೆ, ಕೆಳಗಿನಿಂದಲೂ ನೀರು ನುಗ್ಗುತ್ತದಲ್ಲ. ಒಳಗೆ ನಿಂತರೆ ಒಂದು ಹನಿಯಿಲ್ಲ! ನೀನಿದ್ದಿದ್ದರೆ ಅಳತೆ ಪಟ್ಟಿ ಹಿಡಿದು ನನ್ನ ತಪ್ಪು ಹುಡುಕುತ್ತಿದ್ದೆ.

ಆದರೆ ನಿನ್ನವ್ವ ಇದ್ದಾಳಲ್ಲ ಮಲ್ಲಿಗಮ್ಮ, ಸುಮ್ಮನಿರುತ್ತಾಳೆಯೇ? ಹಸಿ ಗರಿಯ ಚಪ್ಪರ ಹಾಕಿ ಕಂಬ ಬರಿದಾಗಿ ಬಿಡಬಾರದೆಂದು ಮೊದಲ ಕಂಬಕ್ಕೆ ಅರಿಸಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ಊದುಬತ್ತಿ ಬೆಳಗಿ ಹೋದಳು. ನಾನೂ ಕೆಲಸದ ಗದ್ದಲದಲ್ಲಿ ಅದನ್ನು ಹಾಗೇ ಬಿಟ್ಟೆ. ಮಾರನೆಯ ದಿನ ಬೆಳಿಗ್ಗೆ ಬಸ್ಸುಗಳು ನಮ್ಮ ಮುಂದೆ ನಿಧಾನವಾಗುತ್ತಿವೆ. ಯಾರೋ ಕಿಟಕಿಯಿಂದ ಕೈ ಬೀಸಿದರು. ಹತ್ತು ಗಂಟೆಗೆ ಮೇಲ್ಗಡೆ ಬೀದಿಯ ಚಿಕ್ಕಬೋರಮ್ಮ, ಎಂಬತ್ತು ದಾಟಿದ ಮುದುಕಿ, ಸೋಬಾನೆ ಹೇಳುವ ಇನ್ನೂ ಐವರು ಹೆಂಗಸರನ್ನು ಕಟ್ಟಿಕೊಂಡು, ತಟ್ಟೆಯಲ್ಲಿ ಎಲೆಯಡಿಕೆ ಹಿಡಿದು, ಕೊಡೆ ಕೆಳಗೆ ಬಂದೇಬಿಟ್ಟಳು. "ಮಗಳ ಮದ್ವೆ ಇಟ್ಕಂಡು ಒಂದ್ ಮಾತ್ ಕೂಗ್ನಿಲ್ವಲ್ಲಾ ನಿಂಗಯ್ಯ, ಅಷ್ಟು ಬ್ಯಾಡವಾಗೋದ್ವಾ ನಾವು?" ಎಂದು ಶುರು ಮಾಡಿದಳು. ಬೈಯುತ್ತಲೇ ಒಳಗೆ ಬಗ್ಗಿ ನೋಡಿದರೆ ಎರಡು ಹೋಳು ಟ್ರ್ಯಾಕ್ಟರ್. "ಇದೇನ್ಲಾ ಇದು, ಇವೆರಡ್ಕೂ ಧಾರೆ ಎರೀತೀಯಾ?" ಅಂದಳು. ಹೆಂಗಸರು ನಕ್ಕು ನಕ್ಕು ತಟ್ಟೆ ಬೀಳಿಸಿದರು, ಟ್ರ್ಯಾಕ್ಟರ್ ನೋಡಲು ಬಂದಿದ್ದ ಹೊನ್ನಯ್ಯನೂ ನಕ್ಕ. ನಗು ನಿಂತ ಮೇಲೆ ಮುದುಕಿ ನಿನ್ನನ್ನು ಕೇಳಿದಳು, ಮಗಳು ಎಲ್ಲಿ, ಆಫೀಸಿನವರು ರಜ ಕೊಡಲಿಲ್ಲವೇ ಎಂದು. ಏನೋ ಒಂದು ಹೇಳಿ ಕಳಿಸಿದೆ.

ಹೀಗಿದೆ ಊರ ಸಮಾಚಾರ. ಗುಡಾರದ ಪ್ರಶ್ನೆಗಳಿಗೆ ತಪ್ಪದೆ ಉತ್ತರ ಕೊಡು, ಚಿತ್ರ ಬರೆದರೂ ಸರಿ. ಒದ್ದೆ ನೆಲದಲ್ಲಿ ಬರೀ ಬೆನ್ನಿನಲ್ಲಿ ಮಲಗಬೇಡ, ಕೆಳಗೆ ಚೀಲ ಹಾಸಿಕೋ. ನಿನ್ನವ್ವ ಹುರುಳಿಕಾಳು ಹುರಿದಿಟ್ಟಿದ್ದಾಳೆ. ನಿನಗೆ ದೇವರು ಗಟ್ಟಿ ಕೈ, ತಣ್ಣನೆ ತಲೆ ಕೊಟ್ಟು ಕಾಪಾಡಲಿ.

ನಿನ್ನ ಅಪ್ಪ,
ನಿಂಗಯ್ಯ

ಮರೆತೆ. ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಟ್ರ್ಯಾಕ್ಟರ್ ಇನ್ನೂ ಎರಡು ಹೋಳಾಗಿಯೇ ಇದೆ. ಹೊಸ ಕ್ಲಚ್ಚು ಕೂರಿಸಿದ್ದೇನೆ, ಆದರೆ ಎರಡನ್ನೂ ಸೇರಿಸುವಾಗ ಕೆಳಗೆ ಮಲಗಿ ಶಾಫ್ಟನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕ್ಲಚ್ಚಿನ ಹಲ್ಲಿಗೆ ಕೂರಿಸಬೇಕು, ನನ್ನ ಭುಜ ಮೇಲೇಳುತ್ತಿಲ್ಲ. ಹೊನ್ನಯ್ಯ ಮದ್ದೂರಿನಿಂದ ಮೆಕ್ಯಾನಿಕ್ ತರುತ್ತೇನೆ ಅಂದ, ನಾನು ಬೇಡವೆಂದೆ. ಚಿಕ್ಕಬೋರಮ್ಮ ಕೇಳಿದಾಗ ನಾನು ಹೇಳಿದ್ದು ಇದು: "ನನ್ ಮಗ್ಳು ಆಪೀಸ್ನಲ್ಲಿಲ್ಲ ಕಣವ್ವ, ಲಾರಿ ರಿಪೇರಿ ಮಾಡ್ತಾಳೆ. ನಾನ್ ಸುಳ್ಳೇಳಿದ್ದೆ. ಇದ್ನ ಜೋಡ್ಸಕ್ಕೆ ಅವಳೇ ಬತ್ತಾಳೆ." ಅಷ್ಟು ಜನರ ಮುಂದೆ ಹೇಳಿಬಿಟ್ಟೆ, ನಿನ್ನನ್ನು ಒಂದು ಮಾತೂ ಕೇಳದೆ. ತಪ್ಪು ನನ್ನದು, ಅವತ್ತಿನದೂ ಇವತ್ತಿನದೂ. ಹೊನ್ನಯ್ಯ ಭಾನುವಾರದವರೆಗೆ ಕಾಯುತ್ತಾನಂತೆ. ಬರುತ್ತೀಯಾ ತಾಯಿ? ಬಂದರೆ ಕೆಲಸದ ಪ್ಯಾಂಟು ಶರಟಿನಲ್ಲೇ ಬಸ್ಸಿಳಿ. ನಾನು ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ, ಊರ ನಡುವಿನ ಬೀದಿಯಲ್ಲೇ ಇಬ್ಬರೂ ನಡೆದುಕೊಂಡು ಬರೋಣ.