ಒಂದು ಚುಕ್ಕಿಗೆ ಒಂದು ಲಕ್ಷ

ಭಾನುವಾರ, ಸಂಜೆ

ನನ್ನವನೆಂದು ಬರೆಯಲು ಇನ್ನೂ ಅಡ್ಡಿಯಿಲ್ಲದವನಿಗೆ,

ನಕ್ಷೆ ಓದುವವನ ಕಣ್ಣಿಗೆ ಗೊಂದಲವಾಗಬಾರದು ಎಂದೋ, ಗೊಂದಲ ಓದುವವನ ಕಣ್ಣಿಗೆ ಬೀಳಬಾರದು ಎಂದೋ ನೀನು ಹೇಳುತ್ತಿದ್ದೆ. ಯಾವುದೆಂದು ಈಗ ನೆನಪಾಗುತ್ತಿಲ್ಲ. ಖಂಡದ ಧರ್ಮಗಳ ನಕ್ಷೆ ಮಾಡುವಾಗಲೆಲ್ಲ ನಿನ್ನದು ಒಂದೇ ಹಟ: ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿದ್ದಾರೋ ಇಡೀ ಜಿಲ್ಲೆಗೆ ಅವರದ್ದೇ ಬಣ್ಣ. ಅಂಕಿ ನಿನ್ನದು, ಬಣ್ಣ ನನ್ನದು. ಹಾಗಾಗಿ ನಾವು ಸಂಸಾರ ಹೂಡಿದ ಈ ಊರಿಗೆ ಪ್ರತಿ ಸಲವೂ ನಿನ್ನವರ ನೀಲಿಯನ್ನು ನಾನೇ ಬಳಿದೆ. ನಮ್ಮವರ ಕೆಂಪನ್ನೂ ಒಂದಿಷ್ಟು ಸೇರಿಸೋಣ ಎಂದರೆ, ಮನೆ ಜಗಳ ಆಫೀಸಿಗೆ ತರಬೇಡ ತಾಯಿ ಎಂದು ನೀನು ನಗುತ್ತಿದ್ದೆ.

ನೀನಿರುವ ಕೇಂದ್ರ ಕಚೇರಿಯಿಂದ ಹೊಸ ನಕ್ಷೆಯ ಕರಡು ನಿನ್ನೆ ಬಂತು, ಬಣ್ಣ ನೋಡಿ ಒಪ್ಪಿಗೆ ಕೊಡಲು. ಬರೀ ಚುಕ್ಕಿಗಳು. ಒಂದು ಚುಕ್ಕಿಗೆ ಒಂದು ಲಕ್ಷ ಜನ. ನಮ್ಮೂರಿನಲ್ಲಿ ನೀಲಿಯ ನಡುವೆ ಕೆಂಪು, ಪಕ್ಕದಲ್ಲೇ ಯಾವ ದೇವರನ್ನೂ ನಂಬದವರ ಬೂದಿ ಬಣ್ಣ. ಅಚ್ಚಿನ ಮಷಿನ್ ನಡೆಸುವವನು ಹೆಗಲ ಮೇಲಿಂದ ಇಣುಕಿ, ಏನಕ್ಕಾ, ಖಂಡಕ್ಕೆಲ್ಲ ದಡಾರ ಎದ್ದಿದೆಯಲ್ಲ ಎಂದ. ನಾನೂ ನಕ್ಕೆ. ಇಷ್ಟು ಸರಿಯಾದ ನಕ್ಷೆಯನ್ನು ನಾವಿಬ್ಬರೂ ಯಾವತ್ತೂ ಮಾಡಿರಲಿಲ್ಲ. ನಮ್ಮವರು ಮೊದಲ ಸಲ ಕಾಣಿಸಿಕೊಂಡಿದ್ದಾರೆ. ಸಂತೋಷಪಡಬೇಕಿತ್ತು.

ಇದು ಚುಕ್ಕಿಯ ಯೋಚನೆ ಎಂದು ಬರೆದಿದ್ದೀಯ. ಕೇಂದ್ರ ಕಚೇರಿಯಲ್ಲಿ ನಿನ್ನ ಹೊಸ ಜೊತೆಗಾರ್ತಿಗೆ ಈಗ ಅದೇ ಹೆಸರಂತೆ. ಬಣ್ಣ ಬೆರೆಸಲು ನಾನು ಇಷ್ಟು ವರ್ಷ ಕೇಳಿದರೂ ಸಿಗದ ನಿನ್ನ ಒಪ್ಪಿಗೆ ಅವಳಿಗೆ ಒಂದು ಚಹಾ ಮುಗಿಯುವುದರೊಳಗೆ ಸಿಕ್ಕಿತು. ಅವಳೂ ನಿಮ್ಮವರೇ ಎಂಬುದನ್ನು ನೀನು ಬರೆದಿಲ್ಲ. ನಿನ್ನ ಅಕ್ಕ ಫೋನಿನಲ್ಲಿ ಹೇಳಿದರು, ನಿಮ್ಮ ಪ್ರಾರ್ಥನೆಗಳನ್ನು ಎಷ್ಟು ಚೆನ್ನಾಗಿ ಹಾಡುತ್ತಾಳೆ ಗೊತ್ತಾ ಎಂದು. ನನಗೆ ಚುಚ್ಚಲಿ ಎಂದಲ್ಲ, ಹಾಗೇ ಮಾತಿಗೆ.

ಭೂತಗನ್ನಡಿ ಹಿಡಿದು ಕತ್ತು ನೋಯುವ ತನಕ ತಪ್ಪು ಹುಡುಕಿದೆ. ಒಂದೂ ಇಲ್ಲ. ಹೊಟ್ಟೆ ಉರಿಯಿತು ಎಂದೇ ಬರೆಯುತ್ತೇನೆ. ಇದಕ್ಕೆ ಬೇರೆ ಮಾತು ಹುಡುಕುವ ವಯಸ್ಸಲ್ಲ.

ಮುಂದಿನ ಖಂಡದ ಕೆಲಸಕ್ಕೂ ಅಲ್ಲೇ ಉಳಿಯಲೇ, ನೀನೇನನ್ನುತ್ತೀ ಎಂದು ಕೇಳಿದ್ದೀಯ. ನಾನೇನೂ ಅನ್ನುವುದಿಲ್ಲ. ನಿನ್ನ ಸ್ವೆಟರನ್ನು ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದೇನೆ. ಬರುವುದಾದರೆ ಇಲ್ಲಿರಲಿ, ಇಲ್ಲದಿದ್ದರೆ ಕಳಿಸುತ್ತೇನೆ. ಒಪ್ಪಿಗೆ ಹಾಕಿದ ಕರಡು ಇದರ ಜೊತೆಗಿದೆ.

ಇಂತಿ,
ಬಣ್ಣ ಹಚ್ಚುವವಳು

ಬರೆಯದೆ ಬಿಟ್ಟದ್ದು: ಒಪ್ಪಿಗೆ ಹಾಕುವ ಮೊದಲು ನಮ್ಮೂರಿನಿಂದ ಒಂದು ನೀಲಿ ಚುಕ್ಕಿಯನ್ನು ಬ್ಲೇಡಿನಿಂದ ಕೆರೆದು ತೆಗೆದೆ. ಅದು ಲಕ್ಷ ಜನ ಎಂದು ಗೊತ್ತು. ಇಲ್ಲಿಂದ ಹೋದವನು ಒಬ್ಬನೇ. ಅವಳು ಖಂಡಿತ ಕಂಡುಹಿಡಿಯುತ್ತಾಳೆ, ವಾಪಸ್ ಇಡಲಿ. ಇನ್ನೊಂದು ಮಾತು. ಈ ಮನೆಯಲ್ಲಿ ಒಬ್ಬರು ಪ್ರಾರ್ಥನೆಗೆ ಕೂತರೆ ಇನ್ನೊಬ್ಬರು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆವಲ್ಲ, ಕೋಪವಿಲ್ಲದೆ, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ. ಅವಳು ಹಾಡುವಾಗ ನೀನು ಎಲ್ಲಿ ಕೂರುತ್ತೀ?