ನಾಲ್ಕು ಬೆರಳು ಬಿಟ್ಟು

ಮಂಗಳವಾರ, ಮಧ್ಯಾಹ್ನ
ಅಂಗಡಿಯ ದೊಡ್ಡ ಮೇಜಿನಿಂದ

ಕತ್ತರಿ ಮಾಸ್ಟರಿಗೆ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ಮಗಳು ಹೇಳಿದ್ದಾಳೆ, ಹಾಗಾಗಿ ಅದನ್ನು ಕೇಳಲು ಎರಡು ಸಾಲು ಖರ್ಚು ಮಾಡುವುದಿಲ್ಲ. ನೀವು ಹೋಗಿ ಒಂದೂವರೆ ವರ್ಷವಾಯಿತು, ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಓದುವ ಮೊದಲೇ ಮೀಸೆಯಡಿ ನಗಬೇಡಿ. ಇದು ಕೆಲಸದ ಕಾಗದ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದವಾದರೆ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ.

ಜೊತೆಗೊಂದು ಖಾಲಿ ಹಾಳೆ ಮಡಿಸಿಟ್ಟಿದ್ದೇನೆ. ಅದು ಯಾಕೆಂದು ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಅದರ ಮೇಲೆ ಚಹಾ ಲೋಟ ಇಡಬೇಡಿ.

ಸುದ್ದಿ ಏನೆಂದರೆ, ನಿಮ್ಮ ‘ಬೆಳೆಯುವ ಕೋಟು’ ಊರೂರು ಸುತ್ತುತ್ತಿದೆ. ನೆನಪಿದೆಯಲ್ಲ, ನಮ್ಮ ಮಗಳು ಗುಂಡಿಗೆ ಐದು ವರ್ಷವಿದ್ದಾಗ ನೀವು ಕತ್ತರಿಸಿದ್ದು? ಬೆನ್ನಲ್ಲೊಂದು ಮಡಿಕೆ, ತೋಳಿನ ತುದಿಗೊಂದು, ಕೆಳಗಿನ ಅಂಚಿಗೊಂದು. ವರ್ಷಕ್ಕೊಮ್ಮೆ ಒಂದಿಷ್ಟು ಹೊಲಿಗೆ ಬಿಚ್ಚಿದರೆ ಮಗುವಿನ ಜೊತೆ ಕೋಟೂ ದೊಡ್ಡದಾಗುತ್ತಿತ್ತು. ಒಂದೇ ಕೋಟಿನಲ್ಲಿ ಅವಳು ಮೂರು ಚಳಿಗಾಲ ಕಳೆದಳು. ಕೋಟಿನ ಗುಂಡಿ ನುಂಗಿ ನಮ್ಮಿಬ್ಬರ ಜೀವ ಬಾಯಿಗೆ ತಂದು ಆ ಹೆಸರು ಗಿಟ್ಟಿಸಿಕೊಂಡದ್ದೂ ಆಗಲೇ. ಈಗ ಕಚೇರಿಯಲ್ಲಿ ಅವಳನ್ನು ಎಲ್ಲರೂ ಮೇಡಂ ಅನ್ನುತ್ತಾರಂತೆ. ನನಗೆ ನಗು ತಡೆಯುವುದಿಲ್ಲ.

ಆ ಕೋಟಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆದು ಮಾರೋಣ ಎಂದು ಅವಳು ಇದೇ ಮೇಜಿನ ಮುಂದೆ ಕೂತು ಹೇಳಿದ ದಿನ ನಿಮಗೂ ಮರೆತಿರಲಿಕ್ಕಿಲ್ಲ. ಬಟ್ಟೆಯಲ್ಲ, ಬರೀ ನಕ್ಷೆ. ಬೇಕಾದವರು ಕೊಂಡು, ತಮ್ಮ ಮನೆಯಲ್ಲೇ ಹಾಳೆಗಳ ಮೇಲೆ ಅಚ್ಚು ಹಾಕಿ, ಅಂಟಿಸಿ, ಬಟ್ಟೆಯ ಮೇಲಿಟ್ಟು ಕತ್ತರಿಸಿಕೊಳ್ಳುವುದು. ನೀವು ಮೂಗು ಮುರಿದಿರಿ. “ಕೈಗುಣಾನ ಯಾರಾದ್ರೂ ಕಾಗದದ ಮೇಲೆ ಮಾರ್ತಾರೇನೇ? ನನ್ನ ಕೈ ಇಲ್ದೆ ನಿಮ್ಮ ಕಾಗದ ಏನ್ ಮಾಡುತ್ತೆ, ನಾನೂ ನೋಡ್ತೀನಿ” ಅಂದಿರಿ. ನಾನು ಸುಮ್ಮನಿರಬೇಕಿತ್ತು. ಹಾಗಿದ್ದರೆ ಆ ಕೈಗುಣವನ್ನು ಗಂಟುಕಟ್ಟಿಕೊಂಡು ಎಲ್ಲಿಗಾದರೂ ಹೋಗಿ ಅಂದುಬಿಟ್ಟೆ. ನೀವು ನಿಜವಾಗಿಯೂ ಹೋದಿರಿ. ಅದೂ ಎಲ್ಲಿಗೆ? ನೂರು ಪದರ ಬಟ್ಟೆಯನ್ನು ಯಂತ್ರವೇ ಒಂದೇಟಿಗೆ ಕತ್ತರಿಸುವ ಸಮವಸ್ತ್ರದ ಕಾರ್ಖಾನೆಗೆ. ದೊಡ್ಡ ಕತ್ತರಿಯನ್ನು ಮಾತ್ರ ಮೇಜಿನ ಮೇಲೇ ಬಿಟ್ಟುಹೋದಿರಿ. ಅದು ಈಗಲೂ ಇಲ್ಲೇ ಇದೆ, ಈ ಕಾಗದ ಹಾರದಂತೆ ಒತ್ತಿ ಹಿಡಿದಿದೆ.

ಆಮೇಲೆ ಅಂಗಡಿಗೆ ಬರುತ್ತಿದ್ದದ್ದು ಜಿಪ್ಪು ಬದಲಿಸುವುದು, ಪ್ಯಾಂಟು ಗಿಡ್ಡ ಮಾಡುವುದು, ಇಷ್ಟೇ. ಸಿದ್ಧ ಉಡುಪು ಸಿಗುವಾಗ ಕೋಟು ಹೊಲಿಸಲು ಯಾರು ಬರುತ್ತಾರೆ? ಕೊನೆಗೆ ಒಂದು ಭಾನುವಾರ ನಾನೇ ಗುಂಡಿಯನ್ನು ಕರೆದು ನನ್ನ ಹಳೆಯ ಅಳತೆ ಪುಸ್ತಕವನ್ನು ಅವಳ ಮುಂದೆ ಇಟ್ಟೆ. ಕೈ ಸುಮ್ಮನಿರಲಾರದೆ ಮಾಡಿದ್ದು, ನಿಮ್ಮ ಮೇಲಿನ ಹಟಕ್ಕಲ್ಲ. ಸ್ವಲ್ಪ ಹಟಕ್ಕೂ ಇರಬಹುದು.

ನಮ್ಮ ಮೊದಲ ನಕ್ಷೆಯ ಕಥೆ ಕೇಳಿದರೆ ನೀವು ಹೊಟ್ಟೆ ಹಿಡಿದುಕೊಂಡು ನಗುತ್ತೀರಿ. ಮೂಲೆಯ ಜೆರಾಕ್ಸ್ ಅಂಗಡಿಯವನು ನಕ್ಷೆ ಪೂರ್ತಿ ಕಾಣಲಿ ಎಂದು ಅದನ್ನು ಹಾಳೆಗೆ ಸರಿಯಾಗಿ ಕುಗ್ಗಿಸಿ ಕೊಟ್ಟಿದ್ದ. ನಾನು ಕಣ್ಣುಮುಚ್ಚಿ ಕತ್ತರಿಸಿ ಹೊಲಿದೆ. ಬೆಕ್ಕಿಗೆ ಸರಿಹೋಗುವ ಕೋಟು ಸಿದ್ಧವಾಯಿತು. ಅಂದಿನಿಂದ ಪ್ರತಿ ನಕ್ಷೆಯ ಮೂಲೆಯಲ್ಲೂ ಒಂದು ಚೌಕ ಹಾಕಿದ್ದೇವೆ, ಮೊದಲು ಇದನ್ನು ಅಳೆಯಿರಿ, ಎರಡು ಇಂಚು ಇಲ್ಲದಿದ್ದರೆ ಕತ್ತರಿ ಮುಟ್ಟಬೇಡಿ ಎಂದು ಬರೆದಿದ್ದೇವೆ. ಹೊಲಿಗೆ ಹೇಳಿಕೊಡುವ ವೀಡಿಯೋ ಬೇರೆ. ಅದರಲ್ಲಿ ನನ್ನ ಕೈಗಳು ಮಾತ್ರ ಕಾಣುತ್ತವೆ, ದನಿ ಕೇಳುತ್ತದೆ. ಗಿರಾಕಿಗಳಿಗೆ ಹೇಳಿ ಹೇಳಿ ಅಭ್ಯಾಸವಲ್ಲವೇ, ಫೋನು ಹಿಡಿದ ಕೂಡಲೇ ಬನ್ನಿ, ಕೂತುಕೊಳ್ಳಿ ಎಂದು ಅದಕ್ಕೆ ಉಪಚಾರ ಮಾಡಿದೆ. ಗುಂಡಿ ಅದನ್ನು ತೆಗೆಯದೆ ಹಾಗೇ ಬಿಟ್ಟಿದ್ದಾಳೆ. ಈಗ ಕೊಂಡವರೆಲ್ಲ ಅದನ್ನೇ ಹೊಗಳುತ್ತಾರೆ.

ಮೊದಲ ನಕ್ಷೆ ಮಾರಾಟವಾದಾಗ ನಾನು ಬಾಯಲ್ಲಿ ಮೂರು ಗುಂಡುಪಿನ್ನು ಕಚ್ಚಿಕೊಂಡಿದ್ದೆ. ಫೋನು ಟಿಣ್ ಅಂದಿತು. ಓದಿ, ಪಿನ್ನು ಉಗುಳಿ, ಬೀದಿಗೆ ಓಡಿ ಜೆರಾಕ್ಸಿನವನಿಗೆ ಹೇಳಿ ಬಂದೆ. ನಾನು ಒಂದು ದಿನ ಕೂತು ಮಾಡಿದ ಕೆಲಸ, ನಾನು ಪ್ಯಾಂಟು ಗಿಡ್ಡ ಮಾಡುತ್ತಾ ಕೂತಿರುವಾಗ ತಾನಾಗಿಯೇ ಇನ್ನೊಬ್ಬರ ಮನೆ ಸೇರಿತಲ್ಲ ಎಂದು ಇಡೀ ದಿನ ನೆಲದ ಮೇಲೆ ಕಾಲಿರಲಿಲ್ಲ. ವಾರ ತುಂಬುವಷ್ಟರಲ್ಲಿ ನಲವತ್ತೊಂದು ಜನ ಕೊಂಡರು. ಅವರ ಊರುಗಳ ಹೆಸರು ಓದಲು ನನಗೆ ನಾಲಿಗೆ ಹೊರಳುವುದಿಲ್ಲ. ಇಷ್ಟು ಖುಷಿ ನನಗೆ ಈ ಅಂಗಡಿಯಲ್ಲಿ ಆಗಿ ಎಷ್ಟೋ ಕಾಲವಾಗಿತ್ತು.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ನಿಮಗೆ ಸಂತೋಷವಾಗುವ ವಿಷಯ.

ಹತ್ತು ದಿನದ ಹಿಂದೆ ಒಬ್ಬ ನರ್ಸಮ್ಮ ವೀಡಿಯೋ ಕಳಿಸಿದಳು. ರಾತ್ರಿ ಪಾಳಿ ಮುಗಿಸಿ ಬಂದು, ನಾಲ್ಕು ಬೆಳಗು ಕೂತು ಮಗನಿಗೆ ಹೊಲಿದ ಕೋಟಂತೆ. ಹೊಲಿಗೆ ಅಚ್ಚುಕಟ್ಟಾಗಿತ್ತು. ಆದರೆ ಹುಡುಗ ಕೈ ಎತ್ತಲಾರ. ಎರಡೂ ಕೈ ಪಕ್ಕಕ್ಕೆ ಸೆಟೆದು ಪೆಂಗ್ವಿನ್ನಿನ ಹಾಗೆ ಕೋಣೆಯ ತುಂಬ ಓಡಾಡುತ್ತಿದ್ದ, ಬಿದ್ದು ಬಿದ್ದು ನಗುತ್ತಿದ್ದ. ಅವಳೂ ಬೈದಿರಲಿಲ್ಲ, ಎಲ್ಲಿ ತಪ್ಪಿದೆ ಹೇಳಿ ಅಂತ ಮಾತ್ರ ಕೇಳಿದ್ದಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಅದೇ ಮಾತು ಬರೆದರು. ಬೆನ್ನು ಬಿಗಿ, ಬೆನ್ನು ಬಿಗಿ. ನಾನು ಮಾದರಿ ಕೋಟನ್ನು ಕಿಟಕಿಯಲ್ಲಿರುವ ಗೊಂಬೆಗೆ ತೊಡಿಸಿ ನೋಡಿಯೇ ನಕ್ಷೆ ಕಳಿಸಿದ್ದೆ. ಗೊಂಬೆ ಕೈ ಎತ್ತುವುದಿಲ್ಲವಲ್ಲ, ನನಗೆ ಗೊತ್ತಾಗಲಿಲ್ಲ.

ಎರಡು ದಿನ ತಲೆ ಕೆಡಿಸಿಕೊಂಡು ಪುಸ್ತಕವನ್ನು ಮತ್ತೆ ಮತ್ತೆ ನೋಡಿದೆ. ‘ಬೆನ್ನಿನ ಮಡಿಕೆಗೆ ನಾಲ್ಕು ಬೆರಳು ಬಿಟ್ಟು’ ಎಂದು ಸ್ಪಷ್ಟವಾಗಿ ಬರೆದಿತ್ತು. ಲೋಕಕ್ಕೆ ಬೆರಳಿನ ಲೆಕ್ಕ ತಿಳಿಯುವುದಿಲ್ಲವೆಂದು ನನ್ನ ನಾಲ್ಕು ಬೆರಳು ಜೋಡಿಸಿ ಟೇಪು ಹಿಡಿದು ಇಂಚಿಗೆ ತಿರುಗಿಸಿದ್ದೆ. ಅದರಲ್ಲಿ ತಪ್ಪಿರಲಿಲ್ಲ. ಬೇಸರಕ್ಕೆ ನಿಮ್ಮ ಕತ್ತರಿಯನ್ನು ಕೈಗೆತ್ತಿಕೊಂಡೆ. ನೀವು ಮೂವತ್ತು ವರ್ಷ ಹಿಡಿದು ಹಿಡಿದು ಸವೆಸಿದ ಹಿಡಿ. ನನ್ನ ಬೆರಳು ಅದರೊಳಗೆ ಅತ್ತಿತ್ತ ಓಡಾಡಿತು. ಆಗ ಹೊಳೆಯಿತು.

ಆ ಪುಸ್ತಕ ನಾನು ಬರೆದದ್ದು, ಹೌದು. ಆದರೆ ಹೇಳಿದವರು ಯಾರು? ನೀವು ಬಟ್ಟೆಯ ಮೇಲೆ ಕೈಯಿಟ್ಟು, ಬೆನ್ನಿಗೆ ನಾಲ್ಕು, ತೋಳಿಗೆ ಮೂರು ಎಂದು ಕೂಗುತ್ತಿದ್ದಿರಿ, ನಾನು ಮೆಷಿನ್ನಿನಿಂದ ಎದ್ದು ಬಂದು ಗೀಚಿಕೊಳ್ಳುತ್ತಿದ್ದೆ. ಅಕ್ಷರ ನನ್ನದು, ಬೆರಳು ನಿಮ್ಮದು. ಇಷ್ಟು ವರ್ಷ ಅದು ನನ್ನ ಪುಸ್ತಕವೆಂದೇ ತಿಳಿದಿದ್ದೆ ನೋಡಿ. ನಿಮ್ಮ ಕೈ ಇಲ್ಲದೆ ನಮ್ಮ ಕಾಗದ ಮಾಡಿದ್ದಿಷ್ಟೇ, ನಲವತ್ತೊಂದು ಪೆಂಗ್ವಿನ್ನುಗಳು. ನೀವು ಅಂದಿದ್ದು ನಿಜವಾಯಿತು. ಒಪ್ಪಿಕೊಂಡಿದ್ದೇನೆ, ಇದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳಿ.

ಹಾಗೆಯೇ ನಿಮ್ಮ ಮಾತು ಅರ್ಧ ತಪ್ಪೂ ಆಯಿತು. ಕೈಗುಣ ಕಾಗದದ ಮೇಲೆ ಬರುತ್ತದೆ, ಯಾರ ಕೈ ಎಂದು ತಿಳಿದಿರಬೇಕು ಅಷ್ಟೇ.

ಗುಂಡಿಯ ಹಳೆಯ ಕೋಟಾದರೂ ಇದ್ದಿದ್ದರೆ ಅದನ್ನೇ ಅಳೆದು ಮುಗಿಸುತ್ತಿದ್ದೆ. ಟ್ರಂಕು ತಲೆಕೆಳಗು ಮಾಡಿದೆ, ಕಾಣಲಿಲ್ಲ. ಆದ್ದರಿಂದ ಆ ಖಾಲಿ ಹಾಳೆಯ ಮೇಲೆ ನಿಮ್ಮ ಬಲಗೈ ಇಟ್ಟು, ಬೆರಳು ಜೋಡಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸಿ. ಫೋಟೋ ಬೇಡ, ಫೋಟೋದಲ್ಲಿ ಅಳತೆ ನಿಲ್ಲುವುದಿಲ್ಲ. ಎಲ್ಲರಿಗೂ ಸರಿಯಾದ ನಕ್ಷೆ ಕಳಿಸುತ್ತೇನೆಂದು ಮಾತು ಕೊಟ್ಟಿದ್ದೇನೆ, ಬೇಗ ಕಳಿಸಿದರೆ ಉಪಕಾರ.

ನೀವು ಬರುವ ಸೋಮವಾರ ಕಾರ್ಖಾನೆಯಲ್ಲಿ ಇನ್ನೂ ಮೂರು ವರ್ಷಕ್ಕೆ ಸಹಿ ಹಾಕುತ್ತೀರೆಂದು ಗುಂಡಿ ಹೇಳಿದಳು. ನಾನು ಕೇಳಿರಲಿಲ್ಲ, ಅವಳೇ ಹೇಳಿದಳು. ಒಳ್ಳೆಯದು. ಅಲ್ಲಿ ನೀವು ಸ್ವಿಚ್ಚು ಒತ್ತಿದರೆ ಯಂತ್ರ ಕತ್ತರಿಸುತ್ತದಂತೆ, ಕೈಗೆ ಕೆಲಸವೇ ಇಲ್ಲವಂತೆ, ಸಂಜೆ ಕೋಣೆಗೆ ಬಂದು ಹಳೆಯ ಪೇಪರನ್ನು ಕೋಟಿನ ಆಕಾರಕ್ಕೆ ಕತ್ತರಿಸುತ್ತಾ ಕೂರುತ್ತೀರಂತೆ. ಅದನ್ನೂ ಅವಳೇ ಹೇಳಿದಳು. ಅದನ್ನು ಕೇಳಿ ನನಗೆ ಏನೂ ಅನ್ನಿಸಲಿಲ್ಲ.

ಮೇಜಿನ ನಿಮ್ಮ ಕಡೆಯನ್ನು ಹಾಗೇ ಖಾಲಿ ಬಿಟ್ಟಿದ್ದೇನೆ. ಸಾಮಾನು ಇಡಲು ಬೇರೆ ಜಾಗವಿದೆ, ಅದಕ್ಕೇ.

ಇಂತಿ,
ಅಂಗಡಿಯ ಸೂಜಿ

ಮರೆತ ಮಾತು: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಗುಂಡಿಯ ಕೋಟು ಕಳೆದೇ ಇಲ್ಲ. ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೇ ಇತ್ತು. ಹೋದ ಬುಧವಾರ ಅದರ ಬೆನ್ನಿನ ಮಡಿಕೆ ಬಿಡಿಸಿ ಅಳೆದೆ, ಸರಿಯಾಗಿ ಮೂರೂವರೆ ಇಂಚು. ನನ್ನ ಬೆರಳಿಗಿಂತ ಮುಕ್ಕಾಲು ಇಂಚು ಜಾಸ್ತಿ. ಹೊಸ ನಕ್ಷೆ ಗುರುವಾರವೇ ನಲವತ್ತೊಂದು ಮನೆಗೂ ಹೋಯಿತು. ನರ್ಸಮ್ಮನ ಮಗ ಎರಡೂ ಕೈ ಮೇಲೆತ್ತಿ ಕುಣಿಯುವ ವೀಡಿಯೋ ನಿನ್ನೆ ಬಂದಿದೆ, ನಾನು ಹನ್ನೊಂದು ಸಲ ನೋಡಿದೆ. ನಕ್ಷೆಯ ಕೆಳಗೆ ಮಾಡಿದವರ ಹೆಸರು ಹಾಕುವ ಜಾಗದಲ್ಲಿ ‘ಕತ್ತರಿ ಮತ್ತು ಸೂಜಿ’ ಎಂದು ಹಾಕಿದ್ದೇನೆ. ಮೊದಲ ದಿನದಿಂದಲೂ ಹಾಗೇ ಇದೆ.

ಅಂದರೆ ನಿಮ್ಮ ಕೈಯ ಗೆರೆ ನನಗೆ ಕೆಲಸಕ್ಕೆ ಬೇಕಿಲ್ಲ. ಸೋಮವಾರ ಸಹಿ ಹಾಕುವುದೂ ಅದೇ ಕೈ ತಾನೇ? ಭಾನುವಾರವೇ ಬಂದುಬಿಡಿ. ಆ ಹಾಳೆಯನ್ನು ಖಾಲಿಯಾಗಿಯೇ ತನ್ನಿ, ಮೇಜಿನ ಮೇಲೆ ಕೈಯಿಟ್ಟು ಕೂರಿ. ಗೆರೆ ನಾನೇ ಎಳೆಯುತ್ತೇನೆ, ನಿಧಾನವಾಗಿ.